ಕಾಲು ಮಡಚದೆ ಕೂರುವ ದೋಣಿ

ನನ್ನನ್ನು ಕಟ್ಟಿಕೊಂಡವರು ನನ್ನ ಸೋದರಮಾವ, ನಮ್ಮವ್ವನ ಕೊನೆಯ ತಮ್ಮ. ಮಾತು ಬಂದಾಗಿನಿಂದ ಮಾವ ಎಂದೇ ಕರೆದಿದ್ದೆ. ತಾಳಿ ಬಿದ್ದ ಮೇಲೆ ಬದಲಾದದ್ದು ಇಷ್ಟೇ: ಅಲ್ಲಿಯತನಕ 'ಬಾ ಮಾವ' ಅನ್ನುತ್ತಿದ್ದವಳು 'ಬನ್ನಿ ಮಾವ' ಅನ್ನತೊಡಗಿದೆ. ಆ ಮರ್ಯಾದೆಯೂ ನಾಕು ಜನ ಇದ್ದಾಗ ಮಾತ್ರ. ಕೋಪ ಬಂದರೆ ಹಳೆಯದೇ. ನನಗೆ ಕೋಪ ಬೇಗ ಬರುತ್ತದೆ ಎನ್ನುವುದು ನಮ್ಮ ಬೀದಿಗೆಲ್ಲ ಗೊತ್ತು.

ನಮ್ಮ ಮದುವೆಯಾದ ವರ್ಷವೇ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ಸೀಮೆ ಬಿಟ್ಟು ಮೈಸೂರಿಗೆ ಸೇರಿದ್ದು. ಮಾವ ಅದಕ್ಕೂ ಮುಂಚೆ ಸ್ಕೂಲು ಮುಗಿಸಿದವರು, ತಮಿಳನ್ನು ನೀರು ಕುಡಿದಂತೆ ಮಾತಾಡುತ್ತಿದ್ದರು. ಪೇಟೆಯಲ್ಲಿ ಅವರದೊಂದು ಪಾತ್ರೆ ಅಂಗಡಿ. ಮೊದಮೊದಲು ಹಿತ್ತಾಳೆ, ಕಂಚು. ಆಮೇಲಾಮೇಲೆ ಹಳ್ಳಿಯ ಹೆಂಗಸರು ಸಿಲ್ವರ್ ಪಾತ್ರೆ ಅನ್ನುತ್ತಿದ್ದ ಅಲ್ಯೂಮಿನಿಯಂ. ಬಂಡಳ್ಳಿಯಿಂದಲೋ ಅಜ್ಜೀಪುರದಿಂದಲೋ ಬಂದ ಹೆಂಗಸರು ಬಿಂದಿಗೆಯನ್ನು ಸುಮ್ಮನೆ ಕೊಳ್ಳುತ್ತಿರಲಿಲ್ಲ. ಅಂಗಡಿಯ ಮುಂದಿನ ಚಪ್ಪಡಿಯ ಮೇಲೆ ಒಣ ಬೂದಿ ಹರಡಿಸಿ, ಬಿಂದಿಗೆಗೆ ನೀರು ತುಂಬಿ ಅದರ ಮೇಲೆ ಇಡಿಸಿ, ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಬಾಯಿಯ ಎಲೆ ಅಡಿಕೆ ಉಗಿಯುವ ಹೊತ್ತಿಗೆ ಬಿಂದಿಗೆ ಎತ್ತಿ ನೋಡಿದರೆ ಬೂದಿ ಒಣಗಿಯೇ ಇರಬೇಕು. ಒಂದು ಚುಕ್ಕೆ ಒದ್ದೆಯಾಗಿದ್ದರೂ ವ್ಯಾಪಾರ ಮುರಿಯಿತು ಅಂತಲೇ. ಅವರ ಜೊತೆ ಕೂತು ಕೂತು ನನಗೂ ಆ ಬುದ್ಧಿ ಅಂಟಿತ್ತು. ಯಾವುದನ್ನೂ ಬಾಯಿಮಾತಿಗೆ ನಂಬದೆ ಬೂದಿಯ ಮೇಲೆ ಇಟ್ಟು ನೋಡುವ ಬುದ್ಧಿ.

ಮಾವನಿಗೆ ವ್ಯಾಪಾರಕ್ಕಿಂತ ಬಿಚ್ಚುವ ಹುಚ್ಚು ಜಾಸ್ತಿ. ಗಡಿಯಾರ ಬಿಚ್ಚಿದರು, ರೇಡಿಯೋ ಬಿಚ್ಚಿದರು, ಪಕ್ಕದ ಮನೆಯವರ ಹೊಲಿಗೆ ಮಿಷನ್ನು ಬಿಚ್ಚಿ ಅವರ ಕೈಲಿ ಬೈಸಿಕೊಂಡರು. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯುವುದು ಮಾಮೂಲು. ಅವನ್ನೆಲ್ಲ ಹಾರ್ಲಿಕ್ಸ್ ಸೀಸೆಯಲ್ಲಿ ಹಾಕಿಟ್ಟು, 'ಇವು ಬೇಕಾಗಿರ್ಲಿಲ್ಲ, ಅದ್ಕೇ ಉಳ್ದವೆ' ಅಂತ ನನಗೇ ಸಮಜಾಯಿಷಿ ಕೊಡುತ್ತಿದ್ದರು.

ನನ್ನ ತವರು ಧನಗೆರೆ. ಊರಿನ ಕೆಳಗೆ ಕಾವೇರಿ ಹೊಳೆ, ಹೊಳೆಯ ನಡುವೆ ಒಂದು ತಿಟ್ಟು. ಆ ತಿಟ್ಟಿನ ಮೇಲೆ ಅಪ್ಪನ ಹೊಲ. ಮಳೆಗಾಲದ ದೊಡ್ಡ ನೀರಿಗೂ ಮುಳುಗದ ಎತ್ತರದಲ್ಲಿ ಎರಡು ಹುಣಸೆಮರ, ಅವುಗಳ ಬುಡದಲ್ಲಿ ಅವ್ವನ ಸಮಾಧಿ. ಅವ್ವ ತಾನೇ ನೆಟ್ಟ ಮರದಡಿಯಲ್ಲೇ ಮಣ್ಣಾಗಬೇಕು ಅಂದಿದ್ದಳು, ಹಾಗೇ ಮಾಡಿದೆವು. ಅಪ್ಪ ಸೋಮವಾರ ತಪ್ಪಿಸದೆ ತೆಪ್ಪದಲ್ಲಿ ಹೋಗಿ ದೀಪ ಹಚ್ಚಿ ಬರುತ್ತಿದ್ದ. ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ, ಒಂದು ಸೋಮವಾರ ತೆಪ್ಪದಿಂದ ಇಳಿಯುವಾಗ ಪಾಚಿಯ ಮೇಲೆ ಕಾಲಿಟ್ಟು ಬಿದ್ದ. ತೊಡೆಯ ಮೂಳೆ ಮುರಿಯಿತು. ನಾಟಿ ವೈದ್ಯರು ಕಟ್ಟು ಹಾಕಿದರು, ಮೂಳೆ ಕೂಡಿತು. ಆದರೆ ಬಲಗಾಲು ಮಂಡಿಯಲ್ಲಿ ಮಡಚುವುದು ನಿಂತೇಹೋಯಿತು.

ತೆಪ್ಪ ನೋಡಿದವರಿಗೆ ಅದರ ಕಷ್ಟ ಗೊತ್ತು. ಚರ್ಮ ಹೊದಿಸಿದ ದುಂಡನೆಯ ಬುಟ್ಟಿ ಅದು. ಕಾಲು ಮಡಚಿ, ತಳಕ್ಕೆ ಅಂಟಿ, ಮೈ ಕುಗ್ಗಿಸಿ ಕೂರಬೇಕು. ಒಂದು ಸಲ ಇಬ್ಬರು ಗಟ್ಟಿ ಆಳುಗಳು ಅಪ್ಪನನ್ನು ಎತ್ತಿ ಕೂರಿಸಿದರು. ಚಾಚಿದ ಕಾಲು ಒಂದು ಕಡೆ ಭಾರವಾಗಿ ತೆಪ್ಪ ವಾಲಿತು, ನೀರು ಒಳಗೆ ನುಗ್ಗಿತು. ಅಪ್ಪ ಇಳಿಸ್ರೋ ಅಂದ. ದಡಕ್ಕೆ ಬಂದವನು ತಿಟ್ಟಿನ ಕಡೆ ಬೆನ್ನು ಹಾಕಿ ಕೂತ. ಆವತ್ತೇ ನಾನು ಅಪ್ಪನನ್ನು ಗಾಡಿ ಕಟ್ಟಿಸಿ ಕೊಳ್ಳೇಗಾಲಕ್ಕೆ ಕರೆತಂದುಬಿಟ್ಟೆ.

ಬರುವಾಗ ಅವನ ಗಂಟಿನಲ್ಲಿ ಇದ್ದದ್ದು ಎರಡು ಪಂಚೆ, ವಿಭೂತಿ ಗಟ್ಟಿ, ಒಂದು ದೊಡ್ಡ ಸೀಸೆ ಹರಳೆಣ್ಣೆ. ದುಡಿದ ಕೈ ನೋಡಿ, ಸುಮ್ಮನೆ ಕೂರಲಾರದು. ಬಂದ ವಾರದಲ್ಲೇ ನಮ್ಮ ಮನೆಯ ಬಾಗಿಲುಗಳೆಲ್ಲ ಸದ್ದಿಲ್ಲದೆ ತೆರೆದುಕೊಳ್ಳತೊಡಗಿದವು. ರಾಟೆ, ಬೀಗ, ತೊಟ್ಟಿಲ ಕೊಂಡಿ ಎಲ್ಲಕ್ಕೂ ಎಣ್ಣೆ ಕಂಡಿತು. ಆದರೆ ಸೋಮವಾರ ಬಂತೆಂದರೆ ಅಪ್ಪ ಜಗುಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದ. ಒಂದು ದಿನ ತಟ್ಟೆ ತಂದು ಪಕ್ಕದಲ್ಲಿಟ್ಟು ಕೂತಾಗ, ಗೋಡೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದ.

"ಒಂದ್ಸಲ ಅಲ್ಲಿಗ್ ಓಗಿ ನನ್ ಕೈಯಾರ ದೀಪ ಅಚ್ಚಿ ಬಂದ್ಬುಟ್ರೆ ಸಾಕು ಕಣವ್ವ. ಇನ್ನೇನ್ ಬ್ಯಾಡ ನಂಗೆ."

ಒಳಗೆ ಲೆಕ್ಕ ಬರೆಯುತ್ತಿದ್ದ ಮಾವನ ಕಿವಿಗೂ ಅದು ಬಿತ್ತು. ಅವರನ್ನು ಎತ್ತಿ ಆಡಿಸಿದ ಅಕ್ಕ ತಾನೆ ಅಲ್ಲಿ ಮಲಗಿದ್ದವಳು. ಆವತ್ತು ರಾತ್ರಿ ಊಟಕ್ಕೆ ಕೂತಾಗ, ಭಾವ ಕುರ್ಚಿಯ ಮೇಲೆ ಕೂತಂತೆ ಕೂರುವ ದೋಣಿ ಮಾಡುತ್ತೇನೆ ಅಂದರು. ನನಗೆ ನಗು ಬಂತು. ಸೌಟು ಮಾರುವವರು ದೋಣಿ ಮಾಡುತ್ತಾರಂತೆ! ಅದಕ್ಕವರು, ದೋಣಿ ಅಂದರೂ ಒಂದು ದೊಡ್ಡ ಪಾತ್ರೆಯೇ ತಾನೆ, ಪಾತ್ರೆಯೊಳಗೆ ನೀರಿರುತ್ತದೆ, ದೋಣಿಯ ಹೊರಗೆ ನೀರಿರುತ್ತದೆ, ಅಷ್ಟೇ ವ್ಯತ್ಯಾಸ ಅಂದರು.

ಮರದ ದೋಣಿ ಭಾರ. ಮೇಲಿನ ಅಣೆಕಟ್ಟೆಯಲ್ಲಿ ನೀರು ಬಿಟ್ಟರೆ ಎತ್ತಿ ದಡಕ್ಕೆ ಹಾಕಲು ಊರೇ ಬರಬೇಕು. ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಆದರೆ ಇಬ್ಬರು ಹೊತ್ತುಕೊಂಡು ಹೋಗಬಹುದು. ಮೆಟ್ಟೂರು ಕಡೆಯಿಂದ ಅಂಗಡಿಗೆ ಮಾಲು ಕಳಿಸುತ್ತಿದ್ದವರಿಗೆ ಹೇಳಿ ಮಾವ ದಪ್ಪ ತಗಡುಗಳನ್ನು ತರಿಸಿದರು. ಮೊದಲು ಬಾಣಲೆಗೆ ಹಿಡಿ ಕೂರಿಸುವಂತೆ ರಿವಿಟ್ ಹೊಡೆದು ಒಂದು ಸಣ್ಣ ತೊಟ್ಟಿ ಮಾಡಿ ನೋಡಿದರು. ನೀರು ತುಂಬಿ ಬೂದಿಯ ಮೇಲಿಟ್ಟೆವು. ನನ್ನ ಬಾಯಲ್ಲಿ ಅಡಿಕೆ ನುರಿಯುವಷ್ಟರಲ್ಲಿ ಬೂದಿ ಕೆಸರಾಯಿತು. ತಗಡಿಗೆ ತಗಡು ಕರಗಿ ಕೂಡಬೇಕು, ವೆಲ್ಡಿಂಗ್ ಆಗಲೇಬೇಕು ಅಂತ ತೀರ್ಮಾನವಾಯಿತು. ಇನ್ನು ವೆಲ್ಡಿಂಗ್ ಸೆಟ್ಟು ಹುಡುಕುವ ಭರಾಟೆ. ಎಲ್ಲಿಂದಲೋ ಇಂಗ್ಲಿಷ್ ಪುಸ್ತಕ ತರಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದೇ ಓದಿದ್ದು. ಮದುವೆಗೆ ಹೆಣ್ಣು ಹುಡುಕಲೂ ಅವರು ಇಷ್ಟು ಕಷ್ಟ ಪಟ್ಟಿರಲಿಲ್ಲ. ನಾನು ಮನೆಯೊಳಗೇ ಸಿಕ್ಕಿದ್ದೆನಲ್ಲ!

ನಾನು ಒಂದೇ ಷರತ್ತು ಹಾಕಿದೆ. ಸೆಟ್ಟಿನ ಬಣ್ಣ, ಮೀಟರಿನ ಮುಳ್ಳು, ಮಾರುವವರ ಮಾತು ಯಾವುದನ್ನೂ ನಂಬಬಾರದು. ಮನೆಯ ಒಡಕು ಪಾತ್ರೆಯೊಂದನ್ನು ಜೊತೆಯಲ್ಲಿ ಒಯ್ಯಬೇಕು, ನಮ್ಮ ಕಣ್ಣೆದುರು ಅದನ್ನು ಬೆಸೆಯಬೇಕು, ಅದು ನನ್ನ ಬೂದಿಯ ಮೇಲೆ ಕೂರಬೇಕು. ಆ ಸೆಟ್ಟನ್ನು ಮಾತ್ರ ಕೊಳ್ಳುವುದು.

ಮೊದಲು ಹನೂರು. ಅಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವವರೊಬ್ಬರು ಗ್ಯಾಸ್ ವೆಲ್ಡಿಂಗ್ ಇಟ್ಟುಕೊಂಡಿದ್ದರು. ನನ್ನ ಒಡಕು ತಪ್ಪಲೆಗೆ ಬಿಳೀ ಪುಡಿ ಹಚ್ಚಿ, ಬೆಂಕಿ ಹಿಡಿದು, ಚೊಕ್ಕವಾಗಿ ಬೆಸೆದುಕೊಟ್ಟರು. ಬೂದಿ ಒಣಗಿಯೇ ಇತ್ತು. ಮಾವ ಕುಣಿದಾಡಿದರು. ನಾನು ತಪ್ಪಲೆಯನ್ನು ಹಿತ್ತಿಲಲ್ಲಿ ನೀರು ತುಂಬಿಟ್ಟು ಹಾಗೇ ಬಿಟ್ಟೆ. ತಿಂಗಳು ಕಳೆಯುವಷ್ಟರಲ್ಲಿ ಬೆಸುಗೆಯ ಪಕ್ಕದಲ್ಲಿ ಬಿಳೀ ಹಕ್ಕಳೆ ಎದ್ದು ನೀರು ಜಿನುಗಿತು. ಪುಡಿಯನ್ನು ಬಿಸಿನೀರಲ್ಲಿ ಪೂರ್ತಿ ತೊಳೆದು ತೆಗೆಯದಿದ್ದರೆ ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ ಎಂದು ಆ ಮನುಷ್ಯ ಮಾವನಿಗೆ ಮೊದಲೇ ಹೇಳಿದ್ದರಂತೆ. ತಪ್ಪಲೆಯನ್ನಾದರೆ ತೊಳೆಯಬಹುದು. ದೋಣಿಯ ಮೂಲೆ ಮೂಲೆಗೆ ಕೈ ಹಾಕಿ ತೊಳೆಯುವವರು ಯಾರು? ಹನೂರು ಬಿಟ್ಟುಹೋಯಿತು.

ಪುಡಿಯಿಲ್ಲದೆ ಬೆಸೆಯುವ ಇನ್ನೊಂದು ದಾರಿಯನ್ನು ಮಾವ ಪುಸ್ತಕದಲ್ಲಿ ಹಿಡಿದಿದ್ದರು. ಈಗಿನವರು ಟಿಗ್ ಅನ್ನುತ್ತಾರೆ, ಆಗ ಎಲ್ಲರ ಬಾಯಲ್ಲೂ ಅದು ಆರ್ಗಾನ್ ವೆಲ್ಡಿಂಗ್. ಕೈಯಲ್ಲಿ ಹಿಡಿಯುವ ಟಾರ್ಚಿನ ತುದಿಯಲ್ಲಿ ಸೂಜಿಯಂಥ ಕಡ್ಡಿ, ಅದರ ಸುತ್ತ ಸಿಲಿಂಡರಿನಿಂದ ಬರುವ ಆರ್ಗಾನ್ ಗ್ಯಾಸು. ಕರಗಿದ ಜಾಗಕ್ಕೆ ಗಾಳಿ ಸೋಕದಂತೆ ಆ ಗ್ಯಾಸು ಕಾಯುತ್ತದೆ. ಇನ್ನೊಂದು ಕೈಯಲ್ಲಿ ಅಲ್ಯೂಮಿನಿಯಂ ಕಂಬಿ ಹಿಡಿದು ತೊಟ್ಟು ತೊಟ್ಟಾಗಿ ಉಣಿಸುತ್ತಾ ಹೋಗುವುದು.

ಅಂಥದೊಂದು ಸೆಟ್ಟು ಯಳಂದೂರಿನಲ್ಲಿದೆ ಎಂದು ತಿಳಿಯಿತು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿದು ಊರಿಗೆ ವಾಪಸಾಗಿದ್ದ ಹಿರಿಯರೊಬ್ಬರು ಅದನ್ನು ಮಾರುವುದಕ್ಕಿದ್ದರು. ಈ ಸಲ ನಾನೂ ಹೋದೆ, ಮಡಿಲಲ್ಲಿ ಇನ್ನೊಂದು ಒಡಕು ಪಾತ್ರೆ. ಸೆಟ್ಟು ನೋಡಿದರೆ ದೃಷ್ಟಿ ತಗಲುವಂತಿತ್ತು. ಹಸಿರು ಬಣ್ಣ, ಗಾಜಿನ ಮುಖದ ಎರಡು ಮೀಟರು, ಅವುಗಳಲ್ಲಿ ನಡುಗುವ ಮುಳ್ಳು. ಮಾವ ಅದರ ಮೈ ಸವರಿದ ರೀತಿ ನೋಡಿಯೇ ನನಗೆ ಅನುಮಾನ ಬಂತು, ಇವರು ಸೋತರು ಅಂತ. ಕಬ್ಬಿಣದ ತುಂಡುಗಳನ್ನು ಆ ಹಿರಿಯರು ಕೂದಲೆಳೆಯಷ್ಟು ನೀಟಾಗಿ ಕೂಡಿಸಿ ತೋರಿಸಿದರು. ನಾನು ಪಾತ್ರೆ ಮುಂದೆ ಚಾಚಿದೆ.

ಕಡ್ಡಿ ತಗಲಿಸಿದರು. ಅಲ್ಯೂಮಿನಿಯಂ ಕಾದಿತು, ಆದರೆ ಹರಿಯಲಿಲ್ಲ. ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲೊಂದು ಪೊರೆ ಸುಕ್ಕುಗಟ್ಟಿ ನಿಂತಿತು. ಕಂಬಿ ಉಣಿಸಿದರೆ ಪೊರೆಯ ಮೇಲೆ ಗುಂಡಾಗಿ ಉರುಳಿತು. ಇನ್ನೂ ಕಾಯಿಸಿದರು. ಒಳಗೆ ಕರಗಿದ್ದೆಲ್ಲ ಒಂದೇ ಸಲಕ್ಕೆ ಕೆಳಗೆ ಸುರಿದು, ಕಾಸಿನಗಲ ತೂತು ಬಿತ್ತು. ಬೂದಿ ಹರಡುವ ಕೆಲಸವೇ ಉಳಿಯಲಿಲ್ಲ.

ಆ ಹಿರಿಯರು ಒಳ್ಳೆಯವರು. ಬೆಳಕು ಕಣ್ಣಿಗೆ ಹೊಡೆಯದಂತೆ ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜು ಇಳಿಸಿ ಇದ್ದದ್ದನ್ನು ಇದ್ದಂತೆ ಹೇಳಿದರು. ತಮ್ಮ ಸೆಟ್ಟಿನಲ್ಲಿ ಕರೆಂಟು ಒಂದೇ ಕಡೆಗೆ ಹರಿಯುತ್ತದೆ, ಡಿಸಿ. ಕಬ್ಬಿಣಕ್ಕೆ, ಸ್ಟೀಲಿಗೆ ಅದು ಸರಿ. ಅಲ್ಯೂಮಿನಿಯಮ್ಮಿನ ಮೇಲಿನ ಪೊರೆ ಒಡೆಯಬೇಕಾದರೆ ಕರೆಂಟು ಹೋಗಿ ಬಂದು ಮಾಡಬೇಕು, ಎಸಿ ಸೆಟ್ಟು ಬೇಕು. ಒಂದು ಸಲ ಪೊರೆ ಒಡೆದರೆ ಇನ್ನೊಂದು ಸಲ ಕರಗಿಸುತ್ತದೆ. ಅಲ್ಯೂಮಿನಿಯಂ ಕೆಲಸ ತಾವು ಮಾಡಿದವರಲ್ಲ, ಕೊಯಮತ್ತೂರಿನಲ್ಲಿ ವಿಚಾರಿಸಿ ಅಂದರು. ಕಾಫಿ ಕುಡಿಸಿ, ಹೊರಡುವಾಗ ತಮ್ಮ ಮುಖದ ಗಾಜನ್ನೇ ಮಾವನ ಕೈಗೆ ಕೊಟ್ಟು ಇಟ್ಟುಕೊಳ್ಳಿ ಅಂದರು. ಆದರೂ ವಾಪಸು ಬರುವ ಬಸ್ಸಿನಲ್ಲಿ ಮಾವ, ಹಸಿರು ಸೆಟ್ಟನ್ನೇ ತೆಗೆದುಕೊಂಡು ಕಲಿತರೆ ಆಗುತ್ತಿತ್ತೇನೋ ಅಂತ ಗೊಣಗಿದರು. ತೂತಿನ ಪಾತ್ರೆಯನ್ನು ಅವರ ತೊಡೆಯ ಮೇಲಿಟ್ಟೆ. ಕೊಳ್ಳೇಗಾಲದತನಕ ಅದರ ತೂತಿನ ಅಂಚು ಸವರುತ್ತಾ ಕೂತರು.

ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಮಾವ ಒಬ್ಬರೇ ಹೋದರು. ಪಂಪು ತಯಾರಿಸುವ ಒಂದು ವರ್ಕ್‌ಶಾಪಿನ ಮೂಲೆಯಲ್ಲಿ, ಹೊಸದು ಬಂದದ್ದರಿಂದ ಕೆಲಸವಿಲ್ಲದೆ ಕೂತಿದ್ದ ಹಳೇ ಎಸಿ ಸೆಟ್ಟು ಸಿಕ್ಕಿತಂತೆ. ಸ್ಕೂಲು ಟ್ರಂಕಿನಂಥ ಒಂದು ಪೆಟ್ಟಿಗೆ, ಕಿಡಿ ಹತ್ತಿಸಲು ಇನ್ನೊಂದು ಸಣ್ಣ ಪೆಟ್ಟಿಗೆ, ಕರೆಂಟು ಹೆಚ್ಚು ಕಡಿಮೆ ಮಾಡಲು ಒಂದು ತಿರುಗಿಸುವ ಹಿಡಿ. ಬಣ್ಣವಿಲ್ಲ, ಗಾಜಿಲ್ಲ, ಮುಳ್ಳಿಲ್ಲ. ಅಲ್ಲಿನ ಮೇಸ್ತ್ರಿ ಮಾವನ ತಮಿಳು ಕೇಳಿ ಖುಷಿಯಾಗಿ, ಅವರ ಕೈಯಿಂದಲೇ ಬೆಸೆಯಿಸಿದರಂತೆ. ಎರಡು ದಿನ ಅಲ್ಲೇ ಇದ್ದು ಕಲಿತು, ಮೂರನೆಯ ಪಾತ್ರೆಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ಬೆಸುಗೆ ಸೊಟ್ಟಗಿತ್ತು, ಆದರೆ ಬೆಳ್ಳಗೆ ಹೊಳೆಯುತ್ತಿತ್ತು. ನೀರು ತುಂಬಿ ಬೂದಿಯ ಮೇಲಿಟ್ಟೆ. ಒಂದು ಸಲ ಎಲೆ ಅಡಿಕೆ ಹಾಕಿದೆ, ಇನ್ನೊಂದು ಸಲವೂ ಹಾಕಿದೆ. ಬೂದಿ ಹಾಗೇ ಇತ್ತು. ಹಿತ್ತಿಲಲ್ಲಿಟ್ಟು ತಿಂಗಳೂ ಕಾದೆ. ಆಮೇಲೆ, ಇದನ್ನೇ ತಕಂಡು ಬನ್ನಿ ಅಂದೆ.

ಲಾರಿಯಲ್ಲಿ ಸೆಟ್ಟು ಬಂತು, ಜೊತೆಗೆ ಆಳುದ್ದದ ಆರ್ಗಾನ್ ಸಿಲಿಂಡರು. ಬೀದಿಯವರು ಬಾಂಬು ಬಂತೇನೋ ಎಂಬಂತೆ ದೂರ ನಿಂತು ನೋಡಿದರು. ಹಿಡಿಸದಿದ್ದರೆ ದೀಪಾವಳಿಯೊಳಗೆ ವಾಪಸು ಕಳಿಸಬಹುದು ಎಂದು ಆ ಮೇಸ್ತ್ರಿ ಒಪ್ಪಿದ್ದರು. ಮನೆಯ ಕರೆಂಟು ಅದಕ್ಕೆ ಸಾಲದು. ಪಕ್ಕದ ಹಿಟ್ಟಿನ ಗಿರಣಿಯವರು ತಮ್ಮ ಲೈನಿನಿಂದ ಎಳೆದುಕೊಳ್ಳಲು ಬಿಟ್ಟರು, ಆದರೆ ಗಿರಣಿ ನಿಂತಿರುವಾಗ ಮಾತ್ರ. ಹಾಗಾಗಿ ಮಾವನ ವೆಲ್ಡಿಂಗು ಮಧ್ಯಾಹ್ನದ ಊಟವಾದ ಮೇಲೆ. ಬೆಳಗಿನ ಹೊತ್ತು ತಗಡು ಅಳೆದು, ಕತ್ತರಿಸಿ, ಬಗ್ಗಿಸಿ ಹಿತ್ತಿಲ ಜಗುಲಿಗೆ ಒರಗಿಸಿಡುತ್ತಿದ್ದರು. ಅಪ್ಪ ಅಲ್ಲೇ ಕಾಲು ಚಾಚಿ ಕೂತು ನೋಡುತ್ತಿದ್ದ. ಸೋಮವಾರಗಳಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದು ನಿಂತಿತು. ಅಷ್ಟಕ್ಕೇ ನನಗೆ ಹೋದ ಜೀವ ಬಂದಂತಾಗಿತ್ತು.

ಮೊದಲ ದಿನವೇ ಬೆಸುಗೆ ಕೆಟ್ಟಿತು. ಟಾರ್ಚು ತಗಲಿಸಿದ ಕೂಡಲೆ ಚಟಚಟ ಸದ್ದು, ಕರೀ ಮಸಿ. ತಣ್ಣಗಾದ ಮೇಲೆ ನೋಡಿದರೆ ದೋಸೆಯಂತೆ ಮೈಯೆಲ್ಲ ಸಣ್ಣ ಸಣ್ಣ ತೂತು. ಮರುದಿನವೂ ಅದೇ, ಅದರ ಮರುದಿನ ಇನ್ನೂ ಜಾಸ್ತಿ. ಕೊಳ್ಳೇಗಾಲದ ಕರೆಂಟಿಗೆ ಶಕ್ತಿ ಇಲ್ಲ ಅಂದರು ಮಾವ. ಗ್ಯಾಸಿನಲ್ಲಿ ಏನೋ ಕಲಬೆರಕೆ ಅಂದರು. ಘಾಟಿಯ ಕುಲುಕಾಟಕ್ಕೆ ಸೆಟ್ಟಿನ ಒಳಗೆ ಏನೋ ಸಡಿಲವಾಗಿದೆ ಎಂದು ಬಿಚ್ಚಿದರು. ಈ ಸಲ ಒಂದು ಸ್ಕ್ರೂ ಕೂಡ ಉಳಿಸದೆ ಜೋಡಿಸಿದರು. ಆದರೂ ಮಸಿ ಹೋಗಲಿಲ್ಲ. ಅಪ್ಪ ಜಗುಲಿಯಿಂದ "ಆಯ್ತೇನ್ಲಾ?" ಅಂತ ಕೇಳುತ್ತಿದ್ದ. "ಆಯ್ತದೆ ಭಾವ" ಅನ್ನುತ್ತಿದ್ದ ಮಾವನ ದನಿ ದಿನದಿಂದ ದಿನಕ್ಕೆ ಇಳಿಯುತ್ತಾ ಬಂತು.

ದೀಪಾವಳಿ ಹತ್ತಿರ ಬಂತು, ಗ್ಯಾಸು ಅರ್ಧ ಖಾಲಿಯಾಯಿತು. ಒಂದು ಮಧ್ಯಾಹ್ನ ಮಾವ ಗಾಜು ಕಳಚಿಟ್ಟು, ಲಾರಿಗೆ ಹೇಳಿ ಬರುತ್ತೇನೆ, ಕಳಿಸಿಬಿಡೋಣ ಅಂದರು. ಹಸಿರು ಸೆಟ್ಟೇ ಮೇಲಿತ್ತೇನೋ ಅಂತಲೂ ಸೇರಿಸಿದರು. ನನಗೆ ರೇಗಿಹೋಯಿತು. ಬೂದಿಯ ಮೇಲೆ ಕೂತು ಗೆದ್ದ ಸೆಟ್ಟು ಅದು, ಆರಿಸಿದವಳು ನಾನು. ಅಡಿಗೆಮನೆಗೆ ಹೋಗಿ, ಆಗಷ್ಟೇ ತೊಳೆದು ಬೋರಲು ಹಾಕಿದ್ದ ಮುರುಕು ಸಿಲ್ವರ್ ಸೌಟು ತಂದು ಅವರ ಮುಂದೆ ಕುಕ್ಕಿದೆ.

"ಕಳ್ಸೋದಾದ್ರೆ ಕಳ್ಸಿ. ಅದ್ಕಿಂತ ಮುಂಚೆ ಇದೊಂದ್ನಾರ ಸರಿ ಮಾಡ್ಕೊಡಿ. ನನ್ಗಾರ ಒಂದು ಉಪ್ಕಾರ ಆಗ್ಲಿ."

ಮಾವ ಸೌಟಿಗೆ ಟಾರ್ಚು ಹಿಡಿದರು. ಚಟಚಟ ಇಲ್ಲ, ಮಸಿ ಇಲ್ಲ. ಜೇನುಹುಳುವಿನಂಥ ಒಂದೇ ಹದದ ಸದ್ದು. ಗಾಜು ಎತ್ತಿ ನೋಡಿದರೆ ಸೌಟಿನ ಹಿಡಿ ಬೆಳ್ಳಗೆ, ಮೀನಿನ ಹುರುಪೆ ಜೋಡಿಸಿಟ್ಟಂತೆ ಕೂಡಿಕೊಂಡಿತ್ತು. ಅದೇ ಸೆಟ್ಟು, ಅದೇ ಕರೆಂಟು, ಅದೇ ಗ್ಯಾಸು, ಅದೇ ಕೈ. ಬೇರೆ ಇದ್ದದ್ದು ತಗಡೊಂದೇ.

ಜಗುಲಿಗೆ ಒರಗಿಸಿದ್ದ ತಗಡಿನ ಅಂಚಿನ ಮೇಲೆ ಬೆರಳಾಡಿಸಿದೆ. ಕಣ್ಣಿಗೆ ಏನೂ ಕಾಣಲಿಲ್ಲ, ಬೆರಳು ಮಾತ್ರ ನುಣ್ಣಗೆ ಜಾರಿತು. ಮೂಗಿಗೆ ಹಿಡಿದೆ. ನನ್ನ ಬಾಲ್ಯವೇ ಮೂಗಿಗೆ ಬಂತು. ಶನಿವಾರ ಶನಿವಾರ ಅಪ್ಪ ನನ್ನ ತಲೆಗೆ ತಟ್ಟುತ್ತಿದ್ದ ಎಣ್ಣೆ, ಎತ್ತಿನ ಕೊಂಬಿಗೆ ಸವರುತ್ತಿದ್ದ ಎಣ್ಣೆ, ನೇಗಿಲ ಗುಳಕ್ಕೆ, ಗಾಡಿಯ ಅಚ್ಚಿಗೆ, ತೆಪ್ಪದ ಚರ್ಮಕ್ಕೆ ಹಚ್ಚುತ್ತಿದ್ದ ಎಣ್ಣೆ. ತಿರುಗಿ ನೋಡಿದೆ. ಅಪ್ಪ ಮಡಿಸಿದ ಬಟ್ಟೆಯ ತುಂಡನ್ನು ಸೀಸೆಯ ಬಾಯಿಗೆ ಒತ್ತಿ, ನಾಳೆಯ ತಗಡಿನ ಅಂಚನ್ನು ಮೆಲ್ಲಗೆ ಒರೆಸುತ್ತಿದ್ದ. ಮಸಿ ಹೆಚ್ಚಾದಷ್ಟೂ, ಲೋಹ ಒಣಗಿಹೋಗಿದೆ ಎಂದುಕೊಂಡು ಇನ್ನಷ್ಟು ಹಚ್ಚಿದ್ದ.

ಮಾವ ನನ್ನ ಸೆರಗು ಹಿಡಿದು ಒಳಗೆ ಎಳೆದರು. ಭಾವನಿಗೆ ಹೇಳುವುದು ಬೇಡ, ಎದೆ ಒಡೆದುಕೊಂಡಾರು. ತಗಡುಗಳನ್ನು ಅಟ್ಟಕ್ಕೆ ಹಾಕಿಬಿಡೋಣ ಅಂದರು. ನನಗೆ ಅದು ಹಿಡಿಸಲಿಲ್ಲ. ಅಪ್ಪನ ದೋಣಿಯನ್ನು ಅಪ್ಪನಿಂದಲೇ ಬಚ್ಚಿಡುವುದೆ? ಕಾಲು ಕೆಟ್ಟಿತ್ತೇ ಹೊರತು ಅವನ ಬುದ್ಧಿ ಕೆಟ್ಟಿರಲಿಲ್ಲ. ಸೀದಾ ಹೋಗಿ ಅವನ ಪಕ್ಕದಲ್ಲಿ ಕೂತೆ. ಇದ್ದದ್ದನ್ನು ಹೇಳಿದೆ: ಎಣ್ಣೆ ತಗಲಿದ ಕಡೆಯೇ ಮಸಿ ಬರುತ್ತಿದೆ, ಬೆಸುಗೆ ನಿಲ್ಲುತ್ತಿಲ್ಲ.

ಅಪ್ಪ ಕೈಯ ಬಟ್ಟೆ ನೋಡಿದ, ಸೀಸೆ ನೋಡಿದ.

"ಎಣ್ಣೆ ಇದ್ಕೆ ಆಗ್ಬರಕ್ಕಿಲ್ವಾ?"

"ಆಗ್ಬರಕ್ಕಿಲ್ಲ ಕಣಪ್ಪ."

ಸೀಸೆಗೆ ಬಿರಡೆ ಒತ್ತಿದ. ಬಹಳ ಹೊತ್ತು ಒತ್ತುತ್ತಲೇ ಇದ್ದ. ಆ ಕೈ ನೋಡಲಾರದೆ ನಾನು ಅತ್ತುಬಿಟ್ಟೆ. ಅಪ್ಪ ಅಳಲಿಲ್ಲ. ಹೊಸದಾಗಿ ಕೊಂಡುತಂದ ಹಸುವಿನ ಮೇವಿನ ವಿಚಾರ ಕೇಳುವವನ ಹಾಗೆ ಕೇಳಿದ.

"ಮತ್ತೇನ್ ಆಗ್ಬತ್ತದೆ ಇದ್ಕೆ?"

ನನ್ನ ಸೌಟಿಗೆ ಆಗಿಬಂದದ್ದು ಅದನ್ನು ತೊಳೆದಿದ್ದ ಅಂಟುವಾಳದ ನೀರು. ಅದನ್ನೇ ಹೇಳಿದೆ. ತಕಂಬಾ ಮತ್ತೆ, ಯಾಕ್ ಕೂತಿದ್ದೀಯ ಅಂದ.

ಅವತ್ತಿನಿಂದ ತಗಡೆಲ್ಲ ಅಪ್ಪನ ಸುಪರ್ದಿಗೆ ಹೋಯಿತು. ಬಿಸಿನೀರಲ್ಲಿ ಅಂಟುವಾಳ ಕಿವುಚಿ, ಅಂಚು ಅಂಚನ್ನೂ ನೊರೆ ಬರಿಸಿ ತಿಕ್ಕಿ, ತೊಳೆದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ತಂತಿಯ ಬ್ರಷ್ಷಿನಲ್ಲಿ ಉಜ್ಜಿ ಮಾವನ ಕೈಗೆ ಕೊಡುತ್ತಿದ್ದ. ಹಾಗೆ ತೊಳೆದ ಮೊದಲ ಎರಡು ತಗಡು ಕೂಡಿದಾಗ ಬೆಸುಗೆ ಸೌಟಿನದಕ್ಕಿಂತ ಚೆನ್ನಾಗಿ ಬಂತು. ಮಾವ ಅದನ್ನು ಜಗುಲಿಗೆ ತಂದು ಅಪ್ಪನ ಮಡಿಲಲ್ಲಿಟ್ಟರು. ಅಪ್ಪ ಬೆಸುಗೆಯುದ್ದಕ್ಕೂ ಹೆಬ್ಬೆರಳು ಎಳೆದು ನೋಡಿದ. ಅವತ್ತು ಎರಡು ಮುದ್ದೆ ಉಂಡ. ದೀಪಾವಳಿ ಬಂತು, ಸೆಟ್ಟು ನಮ್ಮಲ್ಲೇ ಉಳಿಯಿತು. ಹಬ್ಬದ ದಿನ ಒಬ್ಬಟ್ಟು ತಿಂದ ಕೈಯಲ್ಲಿ ಮಾವ ತಗಡು ಮುಟ್ಟಲು ಹೋಗಿ ಅಪ್ಪನ ಕೈಲಿ ಉಗಿಸಿಕೊಂಡರು. ತುಪ್ಪವೂ ಎಣ್ಣೆಯೇ ಕಣ್ಲಾ, ಅಷ್ಟೂ ತಿಳಿಯಕ್ಕಿಲ್ವಾ ಅಂತ. ನಾನು ಬಾಗಿಲ ಹಿಂದೆ ನಿಂತು ನಕ್ಕೆ.

ದೋಣಿ ಮುಗಿಯುವಾಗ ಬೇಸಿಗೆ. ಚಪ್ಪಟೆ ತಳ, ಮೊರದಂತೆ ಮೇಲೆದ್ದ ಮೂತಿ, ನಡುವೆ ಬೆನ್ನಿಗೆ ಒರಗು ಇರುವ ಕೂರುವ ಹಲಗೆ, ಅದರ ಮುಂದೆ ಬಲಗಾಲು ಚಾಚಲು ಉದ್ದನೆಯ ಜಾಗ. ಚೆಂದವಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಎಮ್ಮೆಗೆ ಕಲಗಚ್ಚು ಹಾಕುವ ಬಾನಿಯಂತಿತ್ತು. ಹಿತ್ತಿಲಲ್ಲಿ ಬೂದಿ ಹರಡಿ, ಅದರ ಮೇಲೆ ದ್ರಾಕ್ಷಿ ಗೊಂಚಲಿನಂತೆ ಸುತ್ತ ಕೂಡಿದ ಬೀದಿಯವರ ಕೈಲಿ ದೋಣಿ ಇಡಿಸಿ, ಬಾವಿಯ ನೀರು ಸೇದಿ ಸೇದಿ ತುಂಬಿದೆವು. ಅಪ್ಪ, ನಾನು, ಮಾವ ಮೂವರೂ ಎಲೆ ಅಡಿಕೆ ಹಾಕಿ ಕೂತೆವು. ನೀರು ಮೊಗೆದು ಎತ್ತಿದಾಗ ಹಿಂಭಾಗದ ಮೂಲೆಯಲ್ಲಿ ಒಂದೇ ಒಂದು ಚುಕ್ಕೆ ಒದ್ದೆ. ಮಾವನ ಮುಖ ಸಣ್ಣಗಾಯಿತು. ಅಪ್ಪ ಆ ಮೂಲೆಯನ್ನು ಮತ್ತೆ ತೊಳೆದುಕೊಟ್ಟ, ಮಾವ ಮತ್ತೆ ಬೆಸೆದರು. ಮರುದಿನ ಇನ್ನೊಮ್ಮೆ ನೀರು ತುಂಬಿ ನೋಡಿದಾಗ ಬೂದಿ ಪೂರ್ತಿ ಒಣಗಿತ್ತು.

ದೋಣಿಯನ್ನು ಎತ್ತಿನ ಗಾಡಿಯ ಮೇಲೆ ಬೋರಲು ಹಾಕಿ ಧನಗೆರೆಗೆ ಒಯ್ದೆವು. ಬೇಕಂತಲೇ ಸೋಮವಾರ ನೋಡಿದ್ದೆ. ಹೊಳೆಯ ದಡದಲ್ಲಿ ತೆಪ್ಪದವನು ನಮ್ಮ ದೋಣಿಯ ಸುತ್ತ ಒಂದು ಸುತ್ತು ಬಂದು, ಇದ್ರಲ್ಲಿ ಊರಿಗೆಲ್ಲ ಅನ್ನ ಬೇಯ್ಸಬೋದು ಕಣ್ರಿ ಅಂದ. ನಕ್ಕವನೇ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ದೋಣಿಯನ್ನು ಅಲುಗದಂತೆ ಹಿಡಿದುಕೊಂಡ. ಅಪ್ಪ ನನ್ನ ಹೆಗಲು ಹಿಡಿದು ಎಡಗಾಲು ಒಳಗಿಟ್ಟ, ಹಲಗೆಯ ಮೇಲೆ ಕೂತ, ಆಮೇಲೆ ಬಲಗಾಲನ್ನು ಎರಡು ಕೈಯಲ್ಲಿ ಎತ್ತಿ ಮುಂದೆ ಚಾಚಿದ. ದೋಣಿ ಒಂದಿಷ್ಟು ತಗ್ಗಿತು, ಆದರೆ ವಾಲಲಿಲ್ಲ. ಮಾವ ಹುಟ್ಟು ಹಾಕಿದರು. ಅಪ್ಪ ನೆಟ್ಟಗೆ ಕೂತು ಹುಣಸೆಮರಗಳನ್ನೇ ನೋಡುತ್ತಿದ್ದ, ತಳದಲ್ಲಿ ನೀರೇನಾದರೂ ಬಂತೇ ಎಂದು ಒಂದು ಸಲವೂ ಬಗ್ಗಿ ನೋಡಲಿಲ್ಲ. ನೋಡಿದವಳು ನಾನು. ಒಣಗಿತ್ತು.

ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು, ಕಿತ್ತೆ. ಅಪ್ಪ ನಿಂತುಕೊಂಡೇ ವಿಭೂತಿ ಹಚ್ಚಿ, ಪತ್ರೆ ಇಟ್ಟ. ಚೀಲದಿಂದ ಹರಳೆಣ್ಣೆ ಸೀಸೆ ತೆಗೆದ. ಆವತ್ತು ಜಗುಲಿಯಲ್ಲಿ ಬಿರಡೆ ಒತ್ತಿಟ್ಟಿದ್ದ ಅದೇ ಸೀಸೆ. ಹಣತೆಗೆ ಎಣ್ಣೆ ಬಿಟ್ಟು, ತನ್ನ ಕೈಯಾರ ಬತ್ತಿ ಹೊಸೆದು, ಹಚ್ಚಿದ. ಆಮೇಲೆ ಅವ್ವ ಎದುರಿಗೆ ಕೂತಿದ್ದಾಳೆ ಎಂಬಂತೆ ಮಾತಾಡಿದ.

"ಕಾಲ್ ಮಡಚ್ದೇನೇ ಬಂದಿವ್ನಿ ಕಣಮ್ಮಿ. ನಿನ್ ತಮ್ಮ ಕರ್ಕಬಂದ."

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದಿದ್ದ ಮಾವ ಹುಣಸೆಮರಕ್ಕೆ ಹಣೆ ಆನಿಸಿ, ಅಕ್ಕಾ ಎಂದು ಜೋರಾಗಿ ಅತ್ತರು. ನಾನು ಸಮಾಧಾನ ಮಾಡಲಿಲ್ಲ, ಅಳಲಿ ಅಂತ ಬಿಟ್ಟೆ.

ಹೊರಡುವ ಹೊತ್ತಿಗೆ ದೋಣಿಯನ್ನು ಮರಳಿನ ಮೇಲೆ ಎಳೆದಿಟ್ಟಿದ್ದೆವು. ಅಪ್ಪ ಅದರ ಹತ್ತಿರ ಬಂದು ನಿಂತ. ಸೀಸೆಯ ತಳದಲ್ಲಿ ಒಂದಿಷ್ಟು ಎಣ್ಣೆ ಉಳಿದಿತ್ತು. ಅದನ್ನು ಮಾವನ ಮುಂದೆ ಹಿಡಿದು, ಸ್ಕೂಲಿಗೆ ಹೊಸದಾಗಿ ಸೇರಿದವನು ಮೇಷ್ಟರನ್ನು ಕೇಳುವಷ್ಟು ಮೆಲ್ಲಗೆ ಕೇಳಿದ.

"ಈಗ ಅಚ್ಬೋದೇನ್ಲಾ?"

"ಈಗ ಎಷ್ಟಾರ ಅಚ್ಚಿ ಭಾವ. ಇನ್ನೇನೂ ಆಗಕ್ಕಿಲ್ಲ."

ಅಪ್ಪ ಹೆಗಲ ಮೇಲಿನ ಟವಲಿನ ತುದಿಗೆ ಎಣ್ಣೆ ಬಿಟ್ಟುಕೊಂಡು, ಮೂತಿಯಿಂದ ಶುರುಮಾಡಿ, ಬೆಸುಗೆ ಬೆಸುಗೆಯನ್ನೂ ಬಿಡದೆ ಇಡೀ ದೋಣಿಗೆ ಹಚ್ಚಿದ. ನಾವಿಬ್ಬರೂ ಮರಳಿನ ಮೇಲೆ ಕೂತು, ಅವನು ಮುಗಿಸುವತನಕ ಕಾದೆವು.